ಚೀಲದಲ್ಲಿ ಇಟ್ಟಿಗೆ

ದುಃಖವನ್ನು ಒಳಗೇ ಇಟ್ಟುಕೊಂಡವರು ನೆಲ ಬಿಟ್ಟು ಗಾಳಿಯಲ್ಲಿ ತೇಲಲು ತೊಡಗಿದ ಮೇಲೆ ಶಾಲೆಗಳಲ್ಲಿ ಫ್ಯಾನು ಹಾಕುವುದನ್ನೇ ಬಿಟ್ಟಿದ್ದರು. ಅಂಥ ಮಕ್ಕಳನ್ನು ಮಾತಾಡಿಸಿ ಕೆಳಗಿಳಿಸಲು ಬಂದಿದ್ದ ನರ್ಸಿಂಗ್ ವಿದ್ಯಾರ್ಥಿನಿ ಫ್ಲಾವಿಯಾಳಿಗೆ ತಲೆ ಕೆಟ್ಟುಹೋಯಿತು. ಇಲ್ಲಿ ಒಂದು ಮಗುವೂ ಬೆಂಚು ಬಿಟ್ಟು ತೇಲುತ್ತಿಲ್ಲ.

“ನಮ್ಮಲ್ಲಿ ಅಂಥವರೇ ಇಲ್ಲ ಸಿಸ್ಟರ್,” ಎಂದರು ಹೆಡ್‌ಮಾಸ್ಟರ್ ವಾಮನರಾಯರು, ಎರಡೂ ಕೈಯಲ್ಲಿ ಮೇಜು ಹಿಡಿದು ನಿಂತಲ್ಲಿಂದಲೇ.

ಚೀಲ ಹೊತ್ತೇ ಕೂತಿದ್ದ ರಮೀಝಾ ಎಂಬ ಹುಡುಗಿಯ ಬೆನ್ನ ಚೀಲಕ್ಕೆ ಫ್ಲಾವಿಯಾ ಕೈ ಹಾಕಿದಳು. ಚೀಲದ ತುಂಬ ಇಟ್ಟಿಗೆ!

“ಎಂಥದು ಸರ್ ಇದು? ನಾನು ಬರ್ತೇನೆಂದು ಮಕ್ಕಳಿಗೆ ಇಟ್ಟಿಗೆ ಹೊರಿಸುವುದಾ? ಮೊನ್ನೆಯ ಶಾಲೆಯಲ್ಲೂ ಇದೇ ಕಥೆ!”

ಚೀಲ ಕಳಚಿದ್ದೇ ತಡ, ರಮೀಝಾ ತೇಲಿಹೋಗಿ ತೊಲೆಗೆ ತಲೆ ತಾಗಿಸಿಕೊಂಡಳು. ಫ್ಲಾವಿಯಾ ಅವಳ ಪಾದ ಹಿಡಿದುಕೊಂಡಳು. “ಹೇಳು ಮಗಾ, ಹೇಳಿದ್ರೆ ಇಳಿತಿ.”

ಆಸ್ಪತ್ರೆಗೆ ಹೋದ ಅಮ್ಮ ವಾಪಸು ಬಾರದಿದ್ದರೆ ಎಂಬ ಭಯವನ್ನು ಹುಡುಗಿ ಬಿಕ್ಕುತ್ತ ಹೇಳಿದಳು. ಹೇಳುತ್ತ ಹೇಳುತ್ತ ಬೆಂಚಿಗಿಳಿದಳು.

“ನೋಡಿದಿರಲ್ಲ? ಇನ್ನು ನೀವು ಆ ಮೇಜು ಬಿಡಿ ಸರ್.”

“ನನಗೆಂಥದ್ದೂ ಇಲ್ಲ ಮಾರಾಯ್ತಿ.”

“ಬಿಡಿ ಅಂದೆನಲ್ಲ!”

ರಾಯರು ಬಿಟ್ಟರು. ಚಪ್ಪಲಿ ಮಾತ್ರ ನೆಲದಲ್ಲಿ ಉಳಿಯಿತು. ರಮೀಝಾ ಓಡಿ ಬಂದು ಅವರ ಪಾದ ಗಟ್ಟಿಯಾಗಿ ಹಿಡಿದುಕೊಂಡಳು.

“ಹೇಳಿ ಸರ್,” ಎಂದಳು ಹುಡುಗಿ. “ಹೇಳಿದ್ರೆ ಇಳಿತೀರಿ.”