ಸುಗುಣಳ ಎಳೆ

ಅಮ್ಮ ಬಚ್ಚಲಲ್ಲಿ ಸೀಗೆಪುಡಿ ಕಲಸುತ್ತಿದ್ದಾಗಿನ ಘಾಟು ನನಗಿನ್ನೂ ನೆನಪಿದೆ. ಅಂದರೆ ಆ ಎಳೆ ಇನ್ನೂ ಉದುರಿಲ್ಲ. ಚಳಿಗಾಲ ಬಂತೆಂದರೆ ಎಲ್ಲರ ಕೂದಲೂ ಉದುರುತ್ತದೆ, ಎಳೆಗೊಂದು ನೆನಪು ಜೊತೆಗೇ ಹೋಗುತ್ತದೆ. ಈ ಬೆಳಿಗ್ಗೆ ತಲೆ ಬಾಚಿ, ಉದುರಿದ್ದನ್ನು ಉಂಡೆ ಸುತ್ತಿ, ರೂಢಿಯಂತೆ ಥೂ ಎಂದು ಉಗಿದು ಎಸೆದೆ. ಆಮೇಲೆ, ತೀರಿಹೋದ ತಂಗಿ ಸುಗುಣಳ ದನಿ ಎಷ್ಟು ಹುಡುಕಿದರೂ ಸಿಗಲಿಲ್ಲ.

“ಉಗಿದೂ ಬಿಟ್ರಾ ಅಜ್ಜಿ?” ಕ್ಲಿನಿಕ್ಕಿನಲ್ಲಿ ಡಾಕ್ಟರ್ ನಫೀಸಾ ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿ ಸಿರಿಂಜ್ ಕೈಗೆತ್ತಿಕೊಂಡಳು. “ತಂದಿದ್ರೆ ಮತ್ತೆ ನೆಡಬಹುದಿತ್ತು. ಇಂಜೆಕ್ಷನ್ ಕೊಟ್ರೆ ಹೊಸ ಕೂದಲು ಬರುತ್ತೆ. ಆದ್ರೆ ಅದ್ರಲ್ಲಿ ನಿಮ್ಮ ತಂಗಿ ಇರಲ್ಲ.”

“ಹಾಗಾದ್ರೆ ಬೇಡಮ್ಮ. ಆ ಜಾಗ ಅವಳದ್ದು, ಖಾಲಿಯೇ ಇರ್ಲಿ.”

ನಫೀಸಾ ಸಿರಿಂಜನ್ನು ಟ್ರೇಗೆ ಹಾಕಿದಳು. ತನ್ನ ಊಟದ ಡಬ್ಬಿ ಬಿಚ್ಚಿ, ಅವರೆಕಾಳು ಉಪ್ಪಿಟ್ಟನ್ನು ಚಮಚದ ಸಮೇತ ನನ್ನ ಕೈಗಿಟ್ಟಳು.