ಬಚ್ಚಣ್ಣ ಸೇರಿಸಿದ ಐದು ಮೈಲು

ಮುಳುಗಿದ ಹಡಗುಗಳು ಕಡಲತಳದಲ್ಲಿ ನಡೆದಾಡತೊಡಗಿದ ಮೇಲೆ ಗಂಗೊಳ್ಳಿಯ ಮೀನುಗಾರರ ಕೆಲಸ ಹೆಚ್ಚಿತು. ಮೀನುಗಳೆಲ್ಲ ಅವುಗಳ ಹಿಂದೆಯೇ ಹೋಗುವುದರಿಂದ, ಹಡಗು ಇವತ್ತು ಎಲ್ಲಿದೆ ಎಂದು ದಿನಾ ಹುಡುಕಬೇಕು. ಕಂಡುಹಿಡಿದವರನ್ನು ಉಳಿದವರು ವೈರ್‌ಲೆಸ್‌ನಲ್ಲಿ ಕೇಳಿದಾಗ ಉತ್ತರ ಕೊಡದಿರುವುದು ಅಮರ್ಯಾದೆ. ಸುಳ್ಳು ಹೇಳುವುದು ಅಮರ್ಯಾದೆಯಲ್ಲ. ದೋಣಿ ನಡೆಸುವ ತಾಂಡೇಲ ಬಚ್ಚಣ್ಣನಂತೂ ಇಪ್ಪತ್ತು ವರ್ಷದಿಂದ ಅಕ್ಷಾಂಶಕ್ಕೆ ಐದು ನಿಮಿಷ, ಅಂದರೆ ಐದು ಕಡಲ ಮೈಲು, ಸೇರಿಸಿಯೇ ಹೇಳುತ್ತಿದ್ದ.

ಮೊನ್ನೆ ಹಳೇ ಸರಕು ಹಡಗೊಂದು ನಡೆಯುತ್ತ ಬಂದು, ನೆಟ್ಟಗೆ ನಿಂತ ತನ್ನ ಕೂವೆಮರದ ತುದಿಯಿಂದ ಅವನ ದೋಣಿಯ ಅಡಿಗೆ ತಿವಿದು ತೂತು ಮಾಡಿತು. ನೀರು ಮೊಣಕಾಲಿಗೆ ಬಂದಾಗ ಬಚ್ಚಣ್ಣ ವೈರ್‌ಲೆಸ್‌ನಲ್ಲಿ ಅಕ್ಷಾಂಶ, ರೇಖಾಂಶ ಕೂಗಿ ಹೇಳಿದ. ಹೇಳಿ ಮುಗಿದ ಮೇಲೆ ಗೊತ್ತಾಯಿತು: ಅಭ್ಯಾಸಬಲದಿಂದ ಐದು ನಿಮಿಷ ಸೇರಿಹೋಗಿತ್ತು! ತಿದ್ದಿ ಹೇಳೋಣವೆಂದರೆ ವೈರ್‌ಲೆಸ್ಸೂ ನೀರು ಕುಡಿದು ಸುಮ್ಮನಾಗಿತ್ತು.

ಅರ್ಧ ಗಂಟೆಯಲ್ಲಿ ಅದೇ ಊರಿನ ಜಟ್ಟ ಖಾರ್ವಿಯ ದೋಣಿ ನೇರವಾಗಿ ಅವನೆದುರೇ ಬಂದು ನಿಂತಿತು.

“ನಾನ್ ಇಲ್ಲಿದ್ದದ್ ನಿಂಗ್ ಹ್ಯಾಂಗೆ ಗೊತ್ತಾಯ್ತ್?” ಬಚ್ಚಣ್ಣ ಬಾಯಿ ಬಿಟ್ಟ.

“ನೀವ್ ಹೇಳಿದ್ರಗೆ ಐದ್ ಮೈಲ್ ಕಳ್ದೆ,” ಎಂದು ಜಟ್ಟ ಹಗ್ಗ ಎಸೆದ. “ಇಪ್ಪತ್ ವರ್ಷದಿಂದ ಕಳೀತಾ ಇದ್ದೆ. ಇವತ್ತೊಂದಿನ ಸತ್ಯ ಹೇಳಿದ್ದಿದ್ರೆ ಮುಳ್ಗೇ ಹೋಯ್ತಿದ್ರಿ ಮಾರಾಯ್ರೆ!”