ಸಂಕೋಚ ತೆಗೆಸಿಕೊಂಡವಳು

ಬಿಬಿಎ ಮುಗಿಸಿದವರಿಗೆಲ್ಲ ಕಾಲೇಜಿನಲ್ಲೇ ಸಂಕೋಚ ತೆಗೆದು ಕಳಿಸುತ್ತಾರೆ. ಕಿವಿಯ ಹಿಂದೆ ಎರಡು ಹೊಲಿಗೆ ಬೀಳುತ್ತವೆ, ಅಷ್ಟೇ. ಹಾಲಮ್ಮನ ಮಗಳು ಚೇತನಾ ಹೊಲಿಗೆ ಬಿಚ್ಚಿಸಿಕೊಂಡ ಮರುದಿನವೇ ದಾವಣಗೆರೆಯ ತಮ್ಮ ಹಪ್ಪಳದ ಕಾರ್ಖಾನೆಗೆ ಬಂದು ತಾಯಿಯ ಕುರ್ಚಿಯಲ್ಲಿ ಕೂತಳು.

ಇಪ್ಪತ್ತು ವರ್ಷದಿಂದ ಅಲ್ಲಿ ಹಪ್ಪಳ ಲಟ್ಟಿಸುತ್ತಿದ್ದ ಹನುಮಕ್ಕನನ್ನು ಕರೆದು, "ನಿಮ್ಮ ಕೈ ನಿಧಾನ ಆಗಿದೆ. ನಾಳೆಯಿಂದ ಬರಬೇಡಿ," ಎಂದಳು. ಅವಳನ್ನು ಎತ್ತಿ ಆಡಿಸಿದ್ದ ಹನುಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೇತನಾ ಮುಂದಿನ ಹೆಸರು ಕೂಗಿದಳು.

"ಅವಳು ಅಳ್ತಾಳೆ ಕಣೆ, ಕಾಣಲ್ವಾ ನಿಂಗೆ?" ಎಂದಳು ಹಾಲಮ್ಮ.

"ಕಾಣ್ತಿದೆ. ನಂಗೇನೂ ಅನಿಸ್ತಿಲ್ಲ. ಮೂರು ವರ್ಷ ಓದಿದ್ದು ಇದಕ್ಕೇ ಅಲ್ವಾ? ನಿನ್ ಕೈಲಾಗಲ್ಲ ಅಂತಾನೇ ನನ್ನ ಓದಕ್ಕೆ ಕಳಿಸಿದ್ದು ನೀನು."

ಅದು ನಿಜವಾಗಿತ್ತು. ಹಾಲಮ್ಮ ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೆದಿರಲಿಲ್ಲ. ಆದರೂ ಹೋಗಿ ಬಾಗಿಲು ತೆರೆದು ಹಿಡಿದಳು.

"ಏಳು ಮೇಲೆ. ನಿಂಗಿಲ್ಲಿ ಕೆಲಸ ಇಲ್ಲ."

ಚೇತನಾ ಬ್ಯಾಗು ಎತ್ತಿಕೊಂಡು, ಬೇರೆ ಕಾರ್ಖಾನೆಯೊಂದಕ್ಕೆ ಫೋನು ಮಾಡುತ್ತಲೇ ಹೊರಗೆ ನಡೆದಳು. ಹಾಲಮ್ಮ ಹನುಮಕ್ಕನ ಹೆಗಲಿಗೆ ಒರಗಿ ಗಳಗಳನೆ ಅತ್ತಳು.